ಗಟ್ಟಿ ಸ್ಟೀರಿಂಗು, ಡೊಂಕು ನೆಲ

ಕೆಲವರ ಮನೆಗೆ ಹೇಳದೆ ಕೇಳದೆ ನೆಂಟರು ಬರುತ್ತಾರೆ. ನಮ್ಮ ಮನೆಗೆ ಹಾಗೆ ಬರುವುದು ರಿಪೇರಿ. ಬಂದರೆ ಬೇಗ ಹೋಗುವುದೂ ಇಲ್ಲ. ಒಂಬತ್ತು ವರ್ಷದಲ್ಲಿ ನಾವು ಪರ್ತ್, ಬ್ರಿಸ್ಬೇನ್, ಅಡಿಲೇಡ್ ಅಂತ ಮೂರು ಊರು ಕಂಡೆವು. ಮೂರೂ ಊರಿಗೆ ನಮ್ಮ ಹಿಂದೆಯೇ ಲಾರಿ ಏರಿ ಬಂದದ್ದು ಒಂದು ಕೆಂಪು ಕಾರು ಮತ್ತು ಅದರ ಸ್ಟೀರಿಂಗಿನ ಕಾಯಿಲೆ.

ಮೊದಲು ಕಾರಿನ ಪರಿಚಯ ಮಾಡಿಕೊಡುತ್ತೇನೆ. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ನಮ್ಮ ಮದುವೆಗಿಂತ ಹಳೆಯದು. ಇಂಜಿನ್ ಸೀಟಿನ ಬೆನ್ನ ಹಿಂದೆ ಇದೆ. ಮುಂದಿನ ಬಾನೆಟ್ ಎತ್ತಿದರೆ ಸಿಗುವುದು ಸ್ಟೆಪ್ನಿ, ನಾಲ್ಕಾರು ಡಬ್ಬಿಗಳು, ಸ್ಟೀರಿಂಗಿಗೆ ಎಣ್ಣೆ ತಳ್ಳುವ ಒಂದು ಕರೆಂಟಿನ ಪಂಪು. ಆ ಪಂಪಿಗೆ 'ಈಗ ತಳ್ಳು, ಈಗ ಬಿಡು' ಅಂತ ಹೇಳಲು ಡ್ಯಾಶ್‌ಬೋರ್ಡಿನೊಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ. ಎಲ್ಲ ಸರಿಯಿದ್ದರೆ ಸ್ಟೀರಿಂಗ್ ಒಂದು ಬೆರಳಿಗೆ ತಿರುಗುತ್ತದೆ. ಇಲ್ಲವಾದರೆ ಅದು ಒರಳುಕಲ್ಲು.

ಕಾರು ಬೇಕು ಅಂದದ್ದು ನಾನಲ್ಲ, ನನ್ನ ಹೆಂಡತಿ. ಅವಳು ಡಾಕ್ಟರು. ಇಲ್ಲಿನ ಪರೀಕ್ಷೆಯನ್ನು ಎರಡನೇ ಪ್ರಯತ್ನಕ್ಕೆ ಪಾಸು ಮಾಡಿ, ಪರ್ತ್ ಬಳಿಯ ಜೂಂಡಲಪ್‌ನಲ್ಲಿ ಕೆಲಸ ಸಿಕ್ಕ ದಿನ ಹೇಳಿದಳು: "ನಂಗೊಂದು ಕೆಂಪು ಕಾರು ಬೇಕು ರೀ. ಎರಡೇ ಸೀಟಿಂದು. ಹಿಂದೆ ಯಾರೂ ಕೂತ್ಕೊಂಡು ಬುದ್ಧಿ ಹೇಳ್ಬಾರ್ದು."

ಪಕ್ಕದಲ್ಲಿ ಕೂತು ಬುದ್ಧಿ ಹೇಳುವವನ ವಿಷಯ ಅವಳಿಗೆ ಹೊಳೆದಿರಲಿಲ್ಲ.

ಆ ಪಕ್ಕದವನ ಉದ್ಯೋಗವನ್ನೂ ಹೇಳಿಬಿಡಬೇಕು. ನಾನು ಕಂಟ್ರೋಲ್ ರೂಮಿನ ಇಂಜಿನಿಯರು. ದೂರದ ಗಣಿಯಲ್ಲಿ ಅದಿರು ಸಾಗಿಸುವ ಬೆಲ್ಟು ನಿಂತುಹೋದರೆ ನಾನು ಊರಲ್ಲಿ ಕೂತು ಫೋನಿನಲ್ಲಿ ಕಾರಣ ಹುಡುಕಬೇಕು. ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಕೆಡೋಕೆ ಮುಂಚೆ ಏನನ್ನ ಮುಟ್ಟಿದ್ರಿ?" ಅವರು "ಏನೂ ಮುಟ್ಟಿಲ್ಲ" ಅನ್ನುತ್ತಾರೆ. ಎಲ್ಲರೂ ಹಾಗೇ ಅನ್ನುತ್ತಾರೆ. ಮುಟ್ಟಿರುತ್ತಾರೆ.

೧. ಜೂಂಡಲಪ್‌ನ ಕರ್ಬು

ಕಾರು ಮನೆಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಬೆಳಿಗ್ಗೆ ಎದ್ದು ಕಾರು ತೊಳೆದೆವು. ತಟ್ಟೆಯಲ್ಲಿ ನನ್ನ ಸ್ಪ್ಯಾನರುಗಳು, ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು, ಪಕ್ಕದಲ್ಲಿ ಅವಳ ಸ್ಟೆತಾಸ್ಕೋಪು, ಎಲ್ಲಕ್ಕೂ ಕುಂಕುಮದ ಬೊಟ್ಟು. ಡ್ಯಾಶ್‌ಬೋರ್ಡಿನ ಮೇಲೆ ಮೈಸೂರಿನಿಂದ ತಂದಿದ್ದ ಪುಟ್ಟ ಗಣಪತಿ. ಅವನ ತಲೆಯ ಹಿಂದೆ ಒಂದು ಬಲ್ಬು. ಕೀ ತಿರುಗಿಸಿದರೆ ಪ್ರಭಾವಳಿ ಬೆಳಗುತ್ತದೆ. ಅದರ ವೈರು ನಾನೇ ಎಳೆದೆ. ಮನೆಯಲ್ಲೇ ಇಂಜಿನಿಯರಿರುವಾಗ ದೇವರ ಕೆಲಸಕ್ಕೆ ಬೇರೆಯವರನ್ನು ಕರೆಯುತ್ತಾರೆಯೇ? ಕೆಲಸ ಮುಗಿಯುವ ಮೊದಲೇ ಮಂಗಳಾರತಿಯ ಹೊತ್ತಾಯಿತು, ಕೈಯಲ್ಲಿದ್ದ ಸ್ಪ್ಯಾನರೂ ತಟ್ಟೆ ಸೇರಿತು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಉಳಿದ ಚೂರುಪಾರು ಕೆಲಸವನ್ನು ಬರಿಗೈಯಲ್ಲೇ ಮುಗಿಸಿದೆ. ಗಣಪತಿ ಬೆಳಗಿದ.

ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣಿಟ್ಟು ಕಾರು ಹತ್ತಿಸಿದ್ದನ್ನು ಪಕ್ಕದ ಮನೆಯ ಬಿಳಿಯ ಮುದುಕ ಬೇಲಿಯ ಮೇಲಿಂದ ನೋಡಿದ. ಮರುದಿನ ತನ್ನ ಗಿಡದ ಒಂದು ಚೀಲ ನಿಂಬೆಹಣ್ಣು ತಂದುಕೊಟ್ಟು, "ನಿನ್ನ ಕಾರಿಗೆ, ಮೇಟ್" ಅಂದು ಹೋದ.

ನಿಂಬೆಹಣ್ಣು ಬಂದ ದಿನವೇ ಮಧ್ಯಾಹ್ನ, ಇಲ್ಲಿಯವರು 'ಆರ್ವೋ' ಅನ್ನುವ ಹೊತ್ತಿಗೆ, ಖಾಲಿಯಿದ್ದ ಒಂದು ಕಾರ್ ಪಾರ್ಕಿಗೆ ಹೋದೆವು. ಅವಳು ಡ್ರೈವರ್ ಸೀಟಿನಲ್ಲಿ. ಮುಖ ಹಬ್ಬದ ಮುಖ. ನಾನು ಪಕ್ಕದಲ್ಲಿ ಕೂತು ಆ ಮುಖವನ್ನು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಎರಡು ಸುತ್ತು ಚೆನ್ನಾಗಿ ಓಡಿಸಿದಳು. ಮೂರನೆಯ ಸುತ್ತಿನ ತಿರುವಿನಲ್ಲಿ ಕಾರು ತಿರುಗದೆ ನೇರ ಹೋಗಿ ಅಂಚಿನ ಕಲ್ಲಿಗೆ, ಅಂದರೆ ಕರ್ಬಿಗೆ, ದಡ್ ಅಂತ ಬಡಿಯಿತು. ಹೊಸದಾಗಿ ಕುಂಕುಮ ಹಚ್ಚಿದ್ದ ಚಕ್ರದ ಬೆಳ್ಳಿಬಣ್ಣ ಕಿತ್ತುಬಂತು.

"ಸ್ಟೀರಿಂಗ್ ಇದ್ದಕ್ಕಿದ್ದ ಹಾಗೆ ಗಟ್ಟಿ ಆಗ್ಬಿಡ್ತು ರೀ. ಒಂದು ಹಳದಿ ದೀಪ ಬಂತು, ಆಮೇಲೆ ತಿರುಗಲೇ ಇಲ್ಲ" ಅಂದಳು.

"ಗುದ್ದಿದ್ಯಲ್ಲ, ಅದಕ್ಕೇ ಗಟ್ಟಿ ಆಗಿದೆ" ಅಂದೆ.

"ಅಲ್ಲ ರೀ. ಗುದ್ದಿದ್ದಕ್ಕೆ ಗಟ್ಟಿ ಆಗಿದ್ದಲ್ಲ. ಗಟ್ಟಿ ಆಗಿದ್ದಕ್ಕೆ ಗುದ್ದಿದ್ದು."

ನಾನು ದೀಪ ನೋಡಿರಲಿಲ್ಲ. ನೋಡದೇ ಇದ್ದದ್ದು ಇಲ್ಲವೇ ಇಲ್ಲ ಅನ್ನುವುದು ನನ್ನ ಸ್ವಭಾವ. ನಾಲಗೆ ತುದಿಯಲ್ಲಿ ಗಾದೆ ಬೇರೆ ಸಿದ್ಧವಾಗಿತ್ತು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಅಂದುಬಿಟ್ಟೆ.

ಮುಂದಿನ ಭಾನುವಾರ ಗೆಳೆಯರ ಮನೆಯ ಬಾರ್ಬಿಯಲ್ಲಿ, ಅಂದರೆ ಅಂಗಳದ ಬಾರ್ಬೆಕ್ಯೂ ಊಟದಲ್ಲಿ, ಒಲೆಯ ಮೇಲೆ ಪನೀರು ಕರಕಲಾಗುತ್ತಿರುವಾಗ, ಇದನ್ನು ಕೈಕಾಲು ಆಡಿಸಿ ಹೇಳಿದೆ. ಅವಳ "ಗಟ್ಟಿ ಆಗಿದ್ದಕ್ಕೆ ಗುದ್ದಿದ್ದು" ಅನ್ನುವ ಮಾತನ್ನು ಅವಳದೇ ದನಿಯಲ್ಲಿ ಹೇಳಿ, ಕೊನೆಗೆ ಗಾದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ನಕ್ಕಳು ಅಂತ ನಾನಂದುಕೊಂಡೆ. ಮನೆಗೆ ಬಂದು ಕೀ ನನ್ನ ಕೈಗೆ ಕೊಟ್ಟು, "ರಿಪೇರಿ ಆದ್ಮೇಲೆ ಕೊಡಿ" ಅಂದಳು.

೨. ಸರ್ವೋದಲ್ಲಿ ಸಂತಾಪ

ರಿಪೇರಿ ನಾನೇ ಶುರುಮಾಡಿದೆ. ಸ್ಟೀರಿಂಗ್ ದಿನವಿಡೀ ಗಟ್ಟಿ ಇರುತ್ತಿರಲಿಲ್ಲ. ನಾಲ್ಕು ದಿನ ಬೆಣ್ಣೆ, ಐದನೆಯ ದಿನ ಹಳದಿ ದೀಪ, ಒರಳು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬೆಣ್ಣೆ. ಹೀಗಾದರೆ ಎಣ್ಣೆ ಕಡಿಮೆಯಾಗಿರಬೇಕು ಅಂತ ಇಂಟರ್ನೆಟ್ಟಿನ ಮಹಾನುಭಾವರೆಲ್ಲ ಒಮ್ಮತದಿಂದ ಹೇಳಿದ್ದರು.

ಆ ಎಣ್ಣೆಯ ಬಣ್ಣ ಅಪ್ಪಟ ಕೆಂಪು. ತಂದೆ, ಬಾನೆಟ್ ಎತ್ತಿದೆ. ಒಳಗಿನ ಡಬ್ಬಿಗಳ ಮೇಲಿನ ಬರಹಗಳು ಇಪ್ಪತ್ತು ಚಿಲ್ಲರೆ ವರ್ಷದ ಬಿಸಿಲಿಗೆ ಅಳಿಸಿಹೋಗಿದ್ದವು. ನನಗೆ ಯಾರದಾದರೂ ಸಹಾಯ ಬೇಕೆ? ಒಂದು ಡಬ್ಬಿ ಅರ್ಧ ಖಾಲಿಯಿತ್ತು. 'ಸಿಕ್ಕಿಬಿದ್ದೆ ಮಗನೆ' ಅಂದುಕೊಂಡು ಕತ್ತಿನವರೆಗೆ ತುಂಬಿಸಿದೆ. ಹೊರಟೆ. ಸಿಗ್ನಲ್ಲಿನಲ್ಲಿ ಗಾಜಿನ ಮೇಲೆ ಧೂಳು ಕಂಡಿತು, ವೈಪರಿನ ನೀರು ಬಿಟ್ಟೆ.

ಗಾಜು ತುಂಬ ಕುಂಕುಮಾರ್ಚನೆಯಾಯಿತು. ವೈಪರು ಅದನ್ನು ಅತ್ತಿಂದಿತ್ತ ನಿಧಾನವಾಗಿ ಸವರಿತು. ನಾನು ತುಂಬಿಸಿದ್ದು ಗಾಜು ತೊಳೆಯುವ ನೀರಿನ ಡಬ್ಬಿಯನ್ನು.

ಕಿಟಕಿಯಿಂದ ತಲೆ ಹೊರಹಾಕಿ ತೆವಳುತ್ತಾ ಹತ್ತಿರದ ಸರ್ವೋಗೆ, ಅಂದರೆ ಪೆಟ್ರೋಲ್ ಬಂಕಿಗೆ, ಬಂದೆ. ಒಳಗಿದ್ದವನು ಓಡಿಬಂದ. ಗಾಜು ನೋಡಿ ಬೆಚ್ಚಿಬಿದ್ದು, "ಕಾಂಗರೂನಾ, ಮೇಟ್?" ಅಂದ.

ಇಂಜಿನಿಯರು ಸ್ಟೀರಿಂಗಿನ ಎಣ್ಣೆಯನ್ನು ನೀರಿನ ಡಬ್ಬಿಗೆ ಸುರಿದ ಅನ್ನುವುದಕ್ಕಿಂತ ಕಾಂಗರೂ ಮರ್ಯಾದಸ್ಥ ಕಾರಣ ಅನ್ನಿಸಿತು. "ಹೌದು" ಅಂದೆ. ಅವನು ಟೋಪಿ ತೆಗೆದ. ಬಕೆಟ್ಟಿನಲ್ಲಿ ನೀರು ತಂದು ತಾನೇ ಗಾಜು ತೊಳೆದ. ಆಮೇಲೆ ಬಾನೆಟ್ಟಿನ ಸುತ್ತ ಬಂದು, ಎಲ್ಲೂ ಒಂದು ತಗ್ಗೂ ಇಲ್ಲದ್ದನ್ನು ನೋಡಿ, "ತುಂಬಾ ಮೆತ್ತಗಿನ ಪ್ರಾಣಿ ಇರಬೇಕು, ಪಾಪ" ಅಂದ.

೩. ಆನೆ ಸುರಕ್ಷಿತ

ಆಮೇಲೆ ಅವಳಿಗೆ ಬ್ರಿಸ್ಬೇನಿನಲ್ಲಿ ಕೆಲಸವಾಯಿತು. ನನ್ನದು ಫೋನಿನ ಕೆಲಸ, ಎಲ್ಲಾದರೂ ನಡೆಯುತ್ತದೆ. ಟೂವಾಂಗ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಅಲ್ಲಿ ರಸ್ತೆ ಅಂದರೆ ಒಂದೋ ಏರು, ಇಲ್ಲವೇ ಇಳಿಜಾರು. "ಈ ಕಾರು ಮಾರಿಬಿಡಿ ರೀ" ಅಂತ ಅವಳು ಪರ್ತ್ ಬಿಡುವಾಗಲೇ ಅಂದಿದ್ದಳು. "ನಿನ್ನ ಕಾರು, ಸರಿಮಾಡಿ ನಿನ್ನ ಕೈಗೇ ಕೊಡ್ತೀನಿ" ಅಂದಿದ್ದೆ. ಅವಳು ತನಗೆಂದು ಒಂದು ಬಿಳಿ ಸಣ್ಣ ಕಾರು ತೆಗೆದುಕೊಂಡು, ಆ ಏರಿಳಿತದ ಬೀದಿಗಳಲ್ಲಿ ಅದನ್ನು ಲೀಲಾಜಾಲವಾಗಿ ಓಡಿಸುತ್ತಿದ್ದಳು. ಕೆಂಪು ಕಾರಿನಲ್ಲಿ ಮಾತ್ರ ಅವಳ ಜಾಗ ಎಡಗಡೆ.

ಮೆಕ್ಯಾನಿಕ್ ಒಬ್ಬನನ್ನು ಹಿಡಿದೆ. ಶಾಲೆಗೆ ಹೋಗುವ ಹೊತ್ತಿಗೆ ಹೊಟ್ಟೆನೋವು ಬರುವ ಮಕ್ಕಳಿರುತ್ತಾರಲ್ಲ, ಡಾಕ್ಟರ ಮುಂದೆ ಕೂರಿಸಿದರೆ ನೋವೇ ಇರುವುದಿಲ್ಲ, ನನ್ನ ಕಾರೂ ಹಾಗೇ ಮಾಡಿತು. ಅವನು ಮೂರು ಸಲ ಬೆಟ್ಟ ಹತ್ತಿಸಿ ಇಳಿಸಿದ. ಮೂರು ಸಲವೂ ಬೆಣ್ಣೆ. ಕೊನೆಗೆ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿ, "ಈ ಆನೆಯ ವೈರು ಎಲ್ಲಿಗೆ ಹೋಗುತ್ತೆ? ಬಿಚ್ಚಿ ನೋಡ್ಲಾ?" ಅಂದ.

ನಾನು ಹೌಹಾರಿದೆ. "ಛೆ ಛೆ. ಅದು ಪೂಜೆ ಮಾಡಿ ಕೂರಿಸಿದ್ದು. ತೆಗೀಬೇಕಾದ್ರೆ ಒಳ್ಳೆ ದಿನ ನೋಡ್ಬೇಕು."

ಒಳ್ಳೆಯ ಮನುಷ್ಯ. ತಕ್ಷಣ ಕೈ ಹಿಂದಕ್ಕೆ ತೆಗೆದ. ಒಗೆದ ಬಟ್ಟೆಯೊಂದನ್ನು ತಂದು, ಕೊಳೆ ತಾಗದಿರಲಿ ಅಂತ ಗಣಪತಿಗೆ ಹೊದಿಸಿದ. ನನಗೆ ಕಣ್ಣು ತುಂಬಿಬಂತು. ಆಮೇಲೆ ಪಂಪಿಗೆ ಕರೆಂಟು ಕೊಡುವ ರಿಲೇ ಬದಲಾಯಿಸಿ, ಕೆಲಸದ ಚೀಟಿ ಕೊಟ್ಟ. ಅದರಲ್ಲಿ ಮೂರೇ ಸಾಲು. ದೂರು: ಸ್ಟೀರಿಂಗ್ ಗಟ್ಟಿ. ದೋಷ: ಕಂಡುಬಂದಿಲ್ಲ. ಆನೆ: ಸುರಕ್ಷಿತ.

ಹದಿನೇಳು ದಿನ ದೀಪ ಬರಲಿಲ್ಲ. ಹದಿನೇಳನೆಯ ದಿನ ಮೈಸೂರುಪಾಕು ತಂದು ಹಂಚಿದೆ. ಹದಿನೆಂಟನೆಯ ದಿನ ಇಂಡೂರೂಪಿಲ್ಲಿಯ ಶಾಪಿಂಗ್ ಸೆಂಟರಿನ ಪಾರ್ಕಿಂಗ್ ತಿರುವಿನಲ್ಲಿ ಒರಳು ಮರಳಿ ಬಂತು. ಹಿಂದೆ ಕಾರುಗಳ ಸಾಲು, ಹಾರ್ನು. ಅವಳು ಎಡಗಡೆಯಿಂದ ಕೈಚಾಚಿದಳು. ಅವಳದು ಎರಡು, ನನ್ನದು ಎರಡು, ನಾಲ್ಕು ಕೈ ಸೇರಿ ಸ್ಟೀರಿಂಗ್ ಎಳೆದೆವು. ಡ್ಯಾಶ್‌ಬೋರ್ಡಿನ ಮೇಲೆ ಕೂತವನಿಗೂ ನಾಲ್ಕು ಕೈ. ಅವನು ಒಂದನ್ನೂ ಅಲ್ಲಾಡಿಸಲಿಲ್ಲ.

೪. ಡಿಪೋ ಅಂಕಲ್

ನಮ್ಮ ಕೆಳಗಿನ ಮನೆಗೆ ಮಗಳನ್ನು ನೋಡಲು ಮೈಸೂರಿನಿಂದ ಒಬ್ಬರು ಅಂಕಲ್ ಬಂದಿದ್ದರು. ಬಸ್ ಡಿಪೋದಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಮೂರು ತಿಂಗಳ ವೀಸಾದಲ್ಲಿ ಎರಡು ತಿಂಗಳು ಕೈಗೆ ಗ್ರೀಸು ತಾಗದೆ ಚಡಪಡಿಸುತ್ತಿದ್ದರು. ನನ್ನ ಕಾರಿನ ಸುದ್ದಿ ಕೇಳಿ, ಪಂಚೆ ಎತ್ತಿ ಕಟ್ಟಿ, ಮೆಟ್ಟಿಲಿಳಿದು ಬಂದರು.

ಡ್ರೈವರ್ ಸೀಟಿನೊಳಗೆ ಹೇಗೋ ಇಳಿದು ಕೂತು ಕೇಳಿದರು: "ಮೊದಲು ಯಾರ ಕೈಲಿ ಹಿಂಗಾಯ್ತು?"

ಇಂಥ ಅವಕಾಶ ಬಿಡುತ್ತೇನೆಯೇ? ಜೂಂಡಲಪ್‌ನ ಕಥೆಯನ್ನು ಪೂರ್ತಿ ಹೇಳಿದೆ, ದನಿ ಅನುಕರಿಸಿ, ಗಾದೆಯ ಸಮೇತ. ಅಂಕಲ್ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಕಡೆ ತಿರುಗಿದರು.

"ನೀನು ಹೇಳಮ್ಮ ಡಾಕ್ಟರಮ್ಮ. ಮೊದಲು ದೀಪ ಬಂತೋ, ಮೊದಲು ಗುದ್ದಿದ್ಯೋ?"

"ಮೊದಲು ದೀಪ ಬಂತು ಅಂಕಲ್."

"ಮತ್ತೆ? ಗುದ್ದಿದ್ದನ್ನ ಮರೆತು ದೀಪ ಯಾಕೆ ಬಂತು ಅಂತ ನೋಡಯ್ಯ" ಅಂತ ನನಗೆ ಹೇಳಿದರು. "ಡಿಪೋನಲ್ಲಿ ಡ್ರೈವರ್ ಬಂದು ಕಂಪ್ಲೇಂಟ್ ಪುಸ್ತಕದಲ್ಲಿ ಏನು ಬರೀತಾನೋ ಅದೇ ನಮಗೆ ವೇದವಾಕ್ಯ. ಗಾಡಿ ಅವನ ಕೈಲಿರುತ್ತೆ. ಅವನ ಮಾತು ಸುಳ್ಳು ಅಂದ್ಕೊಂಡು ರಿಪೇರಿಗೆ ಕೂತ್ರೆ ಜನ್ಮವೆಲ್ಲ ಕೂತೇ ಇರ್ಬೇಕು."

"ಇದು ಕಂಪ್ಯೂಟರ್ ಇರೋ ಕಾರು ಅಂಕಲ್" ಅಂದೆ, ಮೆಲ್ಲಗೆ ನಕ್ಕು.

"ಇರ್ಲಿ ಕಣಯ್ಯ. ಕಂಪ್ಯೂಟರ್‌ಗಿಂತ ಮುಂಚೆ ಹೆಂಡತಿ ಬಂದಿದ್ದಲ್ವಾ?"

ಇಷ್ಟು ಹೇಳಿ ಗತ್ತಿನಿಂದ ಎದ್ದು ಹೋಗಬೇಕೆಂದು ಅವರ ಯೋಚನೆ. ಆದರೆ ಆ ಕಾರಿನ ಸೀಟು ನೆಲದಿಂದ ಗೇಣುದ್ದ ಎತ್ತರ. ಏಳಲಾಗಲಿಲ್ಲ. ನಾನೂ ಅವರ ಮಗಳೂ ಸೇರಿ ಎಳೆದು ತೆಗೆಯುವಷ್ಟರಲ್ಲಿ ಪಂಚೆ ಹ್ಯಾಂಡ್‌ಬ್ರೇಕಿಗೆ ಸಿಕ್ಕಿಕೊಂಡಿತು. "ಎಳೀಬೇಡ್ರೋ, ಹ್ಯಾಂಡ್‌ಬ್ರೇಕ್ ಬಿಟ್ಟೋದ್ರೆ ಮಾನವೂ ಹೋಯ್ತು, ಕಾರೂ ಹೋಯ್ತು" ಅಂತ ಕೂಗಿಕೊಂಡರು.

ಅವತ್ತು ನನ್ನವಳು ಅಂಕಲ್‌ಗೆ ಎರಡು ಸಲ ಕಾಫಿ ಕೊಟ್ಟಳು. ನನಗೆ ಒಂದು ಸಲವೂ ಇಲ್ಲ. ಪುಡಿ ಮುಗಿದಿರಬೇಕು ಅಂದುಕೊಂಡೆ.

೫. ನಗು ಬರದ ಒಂದು ಪ್ರಸಂಗ

ಅಡಿಲೇಡಿಗೆ ಬಂದೆವು. ಇಲ್ಲಿ ಊರು ಸಪಾಟು, ರಸ್ತೆ ನೇರ. ಗುಜರಿ ಅಂಗಡಿಯಿಂದ ಬೇರೆ ಪಂಪು ತರಿಸಿ ಹಾಕಿಸಿದೆ. ದೀಪ ಬಂತು. ಚಕ್ರಗಳನ್ನು ತಿರುಗಿಸುವ ಇಡೀ ಸರಂಜಾಮನ್ನೇ ಬದಲಾಯಿಸಿದೆ. ದೀಪ ಬಂತು.

ಹೊಸ ಊರಿನಲ್ಲಿ ಹೊಸ ಕನ್ನಡದವರು, ಹಳೆಯ ಜೋಕು. ಕರ್ಬಿನ ಕಥೆ ಇಲ್ಲೂ ಚೆನ್ನಾಗಿ ಓಡಿತು. ಒಂದು ಸಲ ಎಲ್ಲರೂ ಸೇರಿ ಸಮುದ್ರದ ದಡಕ್ಕೆ ಪಿಕ್‌ನಿಕ್ ಹೊರಟೆವು. ಒಬ್ಬರ ಕಾರು ಕೈಕೊಟ್ಟಿತ್ತು. "ನಿಮ್ಮ ಮಕ್ಕಳನ್ನ ನನ್ನ ಕಾರಲ್ಲಿ ಕೂರಿಸಿ, ನಾನು ಕರ್ಕೊಂಡು ಬರ್ತೀನಿ" ಅಂತ ನನ್ನ ಹೆಂಡತಿ ಅಂದಳು. ಆ ಮಕ್ಕಳ ತಾಯಿ ಮುಖ ಮುಖ ನೋಡಿ, ತೊದಲಿ, "ಪರವಾಗಿಲ್ಲ ಡಾಕ್ಟ್ರೇ, ನಾವು ಬಸ್ಸಲ್ಲೇ ಬರ್ತೀವಿ" ಅಂದರು.

ತನ್ನ ಬಿಳಿ ಕಾರನ್ನು ಇಷ್ಟು ವರ್ಷ ಒಂದು ಗೀರೂ ಇಲ್ಲದೆ ಓಡಿಸಿದವಳು. ಅವಳ ಕಾರಿಗೆ ಮಕ್ಕಳನ್ನು ಹತ್ತಿಸಲು ಜನ ಹೆದರಿದ್ದು ನನ್ನ ತಮಾಷೆಯಿಂದ. ಮನೆಗೆ ಬರುವ ದಾರಿಯಲ್ಲಿ, "ಆ ಜೋಕು ಇನ್ನು ಸಾಕು ರೀ" ಅಂದಳು.

"ತಮಾಷೆಗೆ ಹೇಳಿದ್ದಲ್ವಾ" ಅಂದೆ.

"ತಮಾಷೆಗೆ ಅಂತ ಗೊತ್ತು. ಯಾರನ್ನ ಕಂಡು ನಗ್ತಾರೆ ಅಂತಾನೂ ಗೊತ್ತು."

ಅವತ್ತು ನನಗೆ ನಾಚಿಕೆಯಾಯಿತು. ಆದರೂ ನಿಜ ಹೇಳುತ್ತೇನೆ, ಗುದ್ದಿದ್ದು ಮಾತ್ರ ಅವಳೇ ಅನ್ನುವ ನನ್ನ ನಂಬಿಕೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

೬. ಎರಡು ಬೆರಳು

ಕೊನೆಗೆ ಯಾರೋ ಒಬ್ಬರು ಕಾರಿನ ವೈರಿಂಗ್ ನೋಡುವ ಎಲೆಕ್ಟ್ರಿಷಿಯನ್ ಹತ್ತಿರ ಕಳಿಸಿದರು. ಹಿಂದಿನ ಬೀದಿಯೊಂದರಲ್ಲಿ ಸಣ್ಣ ಶೆಡ್ಡು. ಅರವತ್ತರ ಹೆಂಗಸು, ಬೆಳ್ಳಿ ಕೂದಲು, ಕುತ್ತಿಗೆಗೆ ದಾರದಲ್ಲಿ ಜೋತುಬಿಟ್ಟ ಕನ್ನಡಕ. ನಾನು ಒಂಬತ್ತು ವರ್ಷದ ಚರಿತ್ರೆ ಹೇಳಿದೆ. ಪಂಪು, ರಿಲೇ, ಎಣ್ಣೆ. ಕಾಂಗರೂ ಬಿಟ್ಟು ಮಿಕ್ಕದ್ದೆಲ್ಲ ಹೇಳಿದೆ. ಅವಳು ಬಾನೆಟ್ ಎತ್ತಲೇ ಇಲ್ಲ. ಸ್ಟೂಲಿನ ಮೇಲೆ ಕೂತು ಕೇಳಿದಳು:

"ಮೊದಲ ಸಲ ಕೆಡೋಕೆ ಮುಂಚೆ ಏನನ್ನ ಮುಟ್ಟಿದ್ರಿ?"

"ಏನೂ ಮುಟ್ಟಿಲ್ಲ" ಅಂದೆ.

"ಎಲ್ಲರೂ ಹಾಗೇ ಹೇಳ್ತಾರೆ" ಅಂದಳು.

ಆ ಮಾತು ನನ್ನದು. ದಿನಕ್ಕೆ ನಾಲ್ಕು ಸಲ ನಾನು ಆಡುವ ಮಾತು.

"ಹಿಂದಿನ ದಿನ ಏನು ಮಾಡಿದ್ರಿ?"

"ಹಬ್ಬ. ನಾವು ನಮ್ಮ ಟೂಲ್ಸ್‌ಗೆಲ್ಲ ಪೂಜೆ ಮಾಡ್ತೀವಿ. ಅವತ್ತು ಅವನ್ನ ಬಳಸೋ ಹಾಗಿಲ್ಲ, ಅವಕ್ಕೆ ವಿಶ್ರಾಂತಿ."

"ಟೂಲ್ಸ್‌ಗೆ ಒಂದು ದಿನ ರಜೆ! ಒಳ್ಳೆ ಧರ್ಮ" ಅಂತ ಮೆಚ್ಚಿ ತಲೆದೂಗಿದಳು. ಆಮೇಲೆ ಕನ್ನಡಕ ಮೂಗಿಗೇರಿಸಿ, ಡ್ಯಾಶ್‌ಬೋರ್ಡಿನ ಕಡೆ ನೋಡಿ ಕೇಳಿದಳು: "ರಜೆಯ ದಿನ ಈ ಆನೆಯನ್ನ ಕೂರಿಸಿದ್ದು ಯಾವ ಟೂಲ್‌ನಿಂದ?"

ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ.

ಅವಳು ಸೀಟಿನಲ್ಲಿ ಅಡ್ಡ ಮಲಗಿ, ಟಾರ್ಚು ಹಿಡಿದು, ಗಣಪತಿಯ ಕಪ್ಪು ವೈರಿನ ಜಾಡು ಹಿಡಿದು ಹೋದಳು. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಬೋಲ್ಟು. ಅದರ ಕೆಳಗೆ ನಾಲ್ಕಾರು ಅರ್ತ್ ವೈರುಗಳು ಒಟ್ಟಿಗೆ ಕಚ್ಚಿಕೊಂಡಿವೆ. ಒಂದು ಗಣಪತಿಯದು, ಇನ್ನೊಂದು ಸ್ಟೀರಿಂಗಿನ ಕಂಪ್ಯೂಟರಿನದು. ಅವಳು ಆ ಬೋಲ್ಟನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದಳು. ತಿರುಗಿತು, ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗೆ.

ಒಂಬತ್ತು ವರ್ಷದ ಹಿಂದೆ, ಮಂಗಳಾರತಿಯ ಹೊತ್ತಿಗೆ, ನಾನು ಆ ಬೋಲ್ಟು ಸಡಿಲಿಸಿ ದೇವರ ವೈರು ಸಿಕ್ಕಿಸಿದ್ದೆ. ಬಿಗಿಮಾಡಲು ಬೇಕಾದ ಹತ್ತನೇ ನಂಬರಿನ ಸ್ಪ್ಯಾನರು ಅಷ್ಟರಲ್ಲಿ ಕುಂಕುಮ ಹಚ್ಚಿಸಿಕೊಂಡು ತಟ್ಟೆಯಲ್ಲಿ ವಿರಾಜಮಾನವಾಗಿತ್ತು. ಬೆರಳಿನಲ್ಲಿ ತಿರುಗಿಸಿ, 'ನಾಳೆ ಬಿಗಿ ಮಾಡಿದರಾಯಿತು' ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಕಾರು ಕುಲುಕಿದಾಗ, ಬಿಸಿಲಿಗೆ ಕಾದಾಗ ಬೋಲ್ಟು ಅಲುಗುತ್ತಿತ್ತು, ಕಂಪ್ಯೂಟರ್ ಮೂರ್ಛೆ ಹೋಗುತ್ತಿತ್ತು, ದೀಪ ಬರುತ್ತಿತ್ತು, ಪಂಪು ನಿಲ್ಲುತ್ತಿತ್ತು. ಇನ್ನೊಂದು ಕುಲುಕಿಗೆ ಎಲ್ಲ ಸರಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಮೂರು ಊರು ಹುಡುಕಿದೆ.

ಗಣಪತಿಯದೇನೂ ತಪ್ಪಿಲ್ಲ. ಅವನ ಭಕ್ತನದು.

ಅವಳು ಸ್ಪ್ಯಾನರು ನನ್ನ ಕೈಗಿಟ್ಟು, "ಶುರು ಮಾಡಿದವರೇ ಮುಗಿಸಿ" ಅಂದಳು. ಒಂದೂವರೆ ಸುತ್ತು. ಅಷ್ಟೇ ಬಾಕಿಯಿದ್ದ ಕೆಲಸ. ಮನಸ್ಸಿಗೆ ಬಂದದ್ದು ಸ್ಟೀರಿಂಗಲ್ಲ, ಜೂಂಡಲಪ್‌ನಲ್ಲಿ ಫೋನಿನಲ್ಲಿ ಹಿಡಿದ ಆ ಹಬ್ಬದ ಮುಖ. ಕುಣಿಯುವವಳು ಸರಿಯಾಗಿಯೇ ಕುಣಿದಿದ್ದಳು. ನೆಲ ನಿಜವಾಗಿಯೂ ಡೊಂಕಿತ್ತು. ಡೊಂಕು ಮಾಡಿದವನು ಪಕ್ಕದಲ್ಲಿ ಕೂತು ಗಾದೆ ಹೇಳುತ್ತಿದ್ದ.

ಹೊರಡುವಾಗ ಆ ಎಲೆಕ್ಟ್ರಿಷಿಯನ್ ಕೇಳಿದಳು: "ಮುಂದಿನ ಹಬ್ಬ ಯಾವಾಗ? ಆ ವಾರ ನಾನು ಅಂಗಡಿ ತೆರೆದೇ ಇಟ್ಟಿರ್ತೀನಿ."

೭. ಇನ್ನೊಂದು ಕರ್ಬು

ಆ ದಿನ ನನ್ನವಳು ಕ್ಲಿನಿಕ್ಕಿನಿಂದ ಬರುವ ಹೊತ್ತಿಗೆ ಕಾಫಿ ಮಾಡಿ ಇಟ್ಟು, ಎಲ್ಲ ಹೇಳಿದೆ. ಪೇಷೆಂಟಿನ ಮಾತು ಕೇಳುವ ಹಾಗೆ ಕೊನೆಯವರೆಗೆ ಕೇಳಿದಳು.

"ನಾನವತ್ತು ಹೇಳಿದ್ದೆ. ಮೊದಲು ದೀಪ ಬಂತು ಅಂತ."

"ಹೇಳಿದ್ದೆ."

"ಅದಕ್ಕೂ ಹಿಂದಿನ ದಿನ ಹೇಳಿದ್ದೆ, ಸ್ಪ್ಯಾನರ್ ಬೇಕಾದ್ರೆ ತಟ್ಟೆಯಿಂದ ತಗೊಳ್ಳಿ, ದೇವರೇನೂ ಬೇಜಾರು ಮಾಡ್ಕೊಳಲ್ಲ ಅಂತ."

"ಅದನ್ನೂ ಹೇಳಿದ್ದೆ."

ಈ ಮಾತನ್ನು ನಾನು ಮೊದಲನೆಯ ಪ್ರಸಂಗದಲ್ಲಿ ಬರೆದಿಲ್ಲ. ಮರೆತಿದ್ದೆ ಅಂತಲ್ಲ, ಬರೆಯಲು ಕೈ ಬರಲಿಲ್ಲ. ಅವತ್ತು ಅವಳಿಗೆ ಶಾಸ್ತ್ರದ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟಿದ್ದೆ.

"ತಪ್ಪಾಯ್ತು" ಅಂದೆ.

"ಒಂಬತ್ತು ವರ್ಷ ರೀ" ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಲೋಟ ತೊಳೆದಿಟ್ಟು ಒಳಗೆ ಹೋದಳು. ಕೀಯನ್ನು ಅವಳ ಕೈಗೆ ಕೊಡಬೇಕೆಂದು ಜೇಬಿನಲ್ಲಿಟ್ಟುಕೊಂಡಿದ್ದೆ. ಅದು ಜೇಬಿನಲ್ಲೇ ಉಳಿಯಿತು.

ಮುಂದಿನ ಶನಿವಾರ ಒಬ್ಬರ ಮನೆಯಲ್ಲಿ ಎಲ್ಲ ಕನ್ನಡದವರಿಗೂ ಊಟ. ಮಕ್ಕಳನ್ನು ಬಸ್ಸಿಗೆ ಹತ್ತಿಸಿದ ಆ ತಾಯಿಯೂ ಬಂದಿದ್ದರು. ಬಿಸಿಬೇಳೆಬಾತು ಬಡಿಸುತ್ತಿರುವಾಗ ಯಾರೋ ಅಂದರು: "ಸಾರ್, ಹೊಸಬರು ಬಂದಿದ್ದಾರೆ, ಆ ಕರ್ಬ್ ಕಥೆ ಹೇಳ್ಬಿಡಿ."

ನನ್ನವಳು ತಟ್ಟೆ ನೋಡುತ್ತಾ ಕೂತಳು. ನಾನು ಎದ್ದು ನಿಂತು ಹೇಳಿದೆ. ಈ ಸಲ ಪೂರ್ತಿ ಹೇಳಿದೆ. ತಟ್ಟೆಯಲ್ಲಿದ್ದ ಸ್ಪ್ಯಾನರು, ಬೆರಳಿನಲ್ಲಿ ತಿರುಗಿಸಿದ ಬೋಲ್ಟು, ಬಟ್ಟೆ ಹೊದ್ದು ಕೂತ ಗಣಪತಿ, ಕಾಂಗರೂ ಕೂಡ. ಯಾರು ಯಾವಾಗ ಏನು ಹೇಳಿದ್ದರು, ಯಾರು ನಂಬಲಿಲ್ಲ ಅನ್ನುವುದನ್ನೂ ಹೇಳಿದೆ. ಆ ಜೋಕಿಗೆ ಮೂರು ಊರಿನಲ್ಲಿ ಸಿಕ್ಕ ನಗುವೆಲ್ಲ ಸೇರಿದರೂ ಇದಕ್ಕೆ ಸಮವಾಗಲಿಲ್ಲ. ಒಬ್ಬರು ಮಜ್ಜಿಗೆ ನೆತ್ತಿಗೇರಿಸಿಕೊಂಡರು. ಆ ತಾಯಿ ಎದ್ದು ಬಂದು ನನ್ನ ಹೆಂಡತಿಯ ಪಕ್ಕದಲ್ಲಿ ಕೂತರು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಹಿಂದೆ ಯಾವತ್ತೂ ನೋಡಿರಲಿಲ್ಲ. ಆಗೆಲ್ಲ ನಗುವವರ ಕಡೆ ನೋಡುತ್ತಿದ್ದೆ. ಕಾಂಗರೂ ಬಂದಾಗ ತುಟಿ ಬಿಗಿಹಿಡಿದಳು. ಕುಂಕುಮದ ಸ್ಪ್ಯಾನರು ಬಂದಾಗ ತಡೆಯಲಾಗದೆ, ಕಣ್ಣಿನಲ್ಲಿ ನೀರು ಬರುವಂತೆ ನಕ್ಕಳು. ನಾನೂ ನಕ್ಕೆ. ನಕ್ಕೆ ಅಂತ ಉಳಿದವರು ಅಂದುಕೊಂಡರು.

ಊಟ ಮುಗಿಸಿ ಹೊರಗೆ ಬಂದು ನಾನು ಎಂದಿನಂತೆ ಕೆಂಪು ಕಾರಿನ ಬಲಗಡೆಯ ಬಾಗಿಲಿಗೆ ಹೋದೆ. ಅವಳು ಕೈಚಾಚಿದಳು. "ಕೀ ಕೊಡಿ."

ಕೊಟ್ಟೆ. ಎಡಗಡೆ ಹೋಗಿ ಕೂತೆ. ಅವಳು ಸೀಟು ಮುಂದಕ್ಕೆಳೆದಳು, ಕನ್ನಡಿ ಸರಿಮಾಡಿಕೊಂಡಳು, ಗಣಪತಿಗೆ ಒಂದು ಸಲ ಕೈಮುಗಿದಳು. ತಿರುವು ಬಂದಾಗಲೆಲ್ಲ ಒಂದು ಬೆರಳಿಗೆ ಸ್ಟೀರಿಂಗ್ ತಿರುಗಿತು. ಹಳದಿ ದೀಪ ಬರಲಿಲ್ಲ. ನಾನೂ ಬುದ್ಧಿ ಹೇಳಲಿಲ್ಲ.

ನಮ್ಮ ಬೀದಿ ಬಂತು. ಮನೆಯ ಮುಂದೆ ಹತ್ತು ಕಾರು ನಿಲ್ಲಿಸುವಷ್ಟು ಜಾಗ ಖಾಲಿಯಿತ್ತು. ಅವಳು ಕಾರು ನಿಧಾನ ಮಾಡಿದಳು. ಕರ್ಬು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ, ಸೂಜಿಗೆ ದಾರ ಪೋಣಿಸುವಷ್ಟು ಜಾಗರೂಕತೆಯಿಂದ, ಮುಂದಿನ ಚಕ್ರವನ್ನು ಕರ್ಬಿಗೆ ಒಯ್ದು ಟಕ್ ಅಂತ ಗುದ್ದಿದಳು.

"ಏಯ್! ಏನ್ ಮಾಡ್ತಿದೀಯ?" ಅಂದೆ.

ಕೀ ಆರಿಸಿದಳು. ಗಣಪತಿಯ ಪ್ರಭಾವಳಿ ನಂದಿತು.

"ಜೂಂಡಲಪ್‌ದು ನೀವು ಗುದ್ದಿದ್ದು ರೀ" ಅಂದಳು. "ಇದು ನಾನು. ಇನ್ಮೇಲೆ ಹೇಳೋದಾದ್ರೆ ಇದನ್ನ ಹೇಳ್ಕೊಳ್ಳಿ."